ಅಪ್ಪನ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಸೋದು ಹೆಂಗ? ಗೊತ್ತಿದ್ದವರು ಹೇಳ್ರಿ

ರಾಯಚೂರು (ಕೇಳಿದವರು): ಟ್ರಂಕ್ ತುಂಬ ಕ್ಯಾಸೆಟ್ ಅವರಿ. ಭೀಮಸೇನ ಜೋಶಿಯವರ ದಾಸರ ಪದ, ಮಲ್ಲಿಕಾರ್ಜುನ ಮನ್ಸೂರರ ವಚನ, ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಕಛೇರಿ ಹಿಡಿದ ಎರಡು ಸಿ-90 (ತೊಂಬತ್ತು ನಿಮಿಷದ ಕ್ಯಾಸೆಟ್). ಜೊತಿಗೆ ನಾಲ್ಕು 78ರ ಗ್ರಾಮಫೋನ್ ಪ್ಲೇಟು. ಯಾವುದು ಮೊದಲು ಇಳಿಸಲಿ?

ಸಿಂಧನೂರು: ಜಂಬಲದಿನ್ನಿಯವರದೇ ಮೊದಲು. ಜೋಶಿ, ಮನ್ಸೂರ್ ಎಲ್ಲೆರ ಸಿಗತಾರ, ಕಛೇರಿ ಮತ್ತೆ ಸಿಗಂಗಿಲ್ಲ. ಹಂಗಂತ ಸೀದಾ ಪ್ಲೇ ಒತ್ತಬ್ಯಾಡ್ರಿ. ಒಂದು ಸಲ ಪೂರ್ತಿ ಮುಂದಕ್ಕ, ಒಂದು ಸಲ ಹಿಂದಕ್ಕ ಓಡಸ್ರಿ. ನಮ್ಮ ಬ್ಯಾಸಿಗಿಗೆ ಸುತ್ತುಗಳು ಒಂದಕ್ಕೊಂದು ಅಂಟಿರತಾವ. ನಡುವಿನ ಸಣ್ಣ ಉಣ್ಣೆ ಪ್ಯಾಡ್ ಬಿದ್ದಿದ್ರ ಟೇಪು ಹೆಡ್ಡಿಗೆ (ಟೇಪಿನ ದನಿ ಓದೋ ಭಾಗಕ್ಕ) ಒತ್ತಂಗಿಲ್ಲ, ದನಿ ಮಂಕಾಗಿ ಏರಿಳಿತದ. ಆಗ ಸ್ಕ್ರೂ ಇರೋ ಬ್ಯಾರೆ ಡಬ್ಬಿಗೆ ಎರಡೂ ಸುರುಳಿ ದಾಟಸ್ರಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಿದ್ರ ಅದರ ಅಂಟು ಸೋರಿ ಹೆಡ್ಡಿಗೆ ಮೆತ್ತತದ. ಹರಿದ ಟೇಪು ಕೂಡಿಸೋ ಸ್ಪ್ಲೈಸಿಂಗ್ ಟೇಪೇ ಬೇಕು, ಅದೂ ಹೆಡ್ಡಿಗೆ ತಾಗದ ಬದಿಗೆ.

ಬಳ್ಳಾರಿ, ಕೌಲ್‌ಬಜಾರ್: ಯುಎಸ್‌ಬಿ ವಾಕ್‌ಮನ್ ಅಂತ ಮಾರ್ತಾರಲ್ಲ, ಅದಕ್ಕೆ ದುಡ್ಡು ಸುರೀಬೇಡಿ, ಅದರ ಮೋಟಾರು ನೆಟ್ಟಗೆ ತಿರುಗಲ್ಲ. ಹಳೇ ಕ್ಯಾಸೆಟ್ ಡೆಕ್ ತಗೊಂಡು ಮೊದಲು ಬೆಲ್ಟ್ ಬದಲಿಸಿ. ಹಳೇ ರಬ್ಬರು ಕರಗಿ ಡಾಂಬರ್ ಆಗಿರ್ತೈತೆ, ಸ್ಪಿರಿಟ್‌ನಾಗೆ ಪೂರ್ತಿ ಒರೆಸದಿದ್ರೆ ಹೊಸ ಬೆಲ್ಟೂ ಜಾರ್ತೈತೆ. ಬೆಲ್ಟ್ ಹಾಕಿದ ಮೇಲೇ ಸ್ಪೀಡ್ ನೋಡಬೇಕು. ಶೇಕಡಾ 6 ಜೋರಾದ್ರೆ ಹಾರ್ಮೋನಿಯಂನ ಕಪ್ಪು ಒಂದನೇ ಮನೆ ಅದರ ಮುಂದಿನ ಬಿಳಿ ಎರಡಾಗಿ ಕೇಳ್ತೈತೆ, ಅದರ ಜೊತೆ ಹಿಡಿದು ನೋಡಿ. ಇಲ್ಲಿಯವರು ಹೆಡ್ ದಿನಾ ಒರೆಸಲೇಬೇಕು. ಟೇಪಿನ ಕಂದು ಲೇಪ ಕಬ್ಬಿಣದ ಆಕ್ಸೈಡು, ನಮ್ಮ ಗಣಿ ಧೂಳೂ ಅದೇ, ಆದ್ರೆ ಎರಡಕ್ಕೂ ಆಗಿಬರಲ್ಲ. ಪ್ಲೇಟೂ ಸ್ಪಿರಿಟ್‌ನಾಗೆ ಒರೆಸಿಬಿಡಿ.

ಗಂಗಾವತಿ: ಕೌಲ್‌ಬಜಾರಿನವರೇ, ಕಡೀ ಸಾಲು ಅಳಸ್ರಿ! 78ರ ಪ್ಲೇಟು ಅರಗಿಂದು. ಸ್ಪಿರಿಟ್ ಬಿದ್ರ ಗೀರೇ ಕರಗಿ ಹೋಗತೈತಿ. ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ಸೋಪು, ಮೆತ್ತನ ಬ್ರಷ್, ಲೇಬಲ್ ಒದ್ದಿ ಆಗಬಾರದು, ಅಷ್ಟ. ಎಲ್‌ಪಿ ಮುಳ್ಳೂ ನಡಿಯಂಗಿಲ್ಲ. ಅದರ ತುದಿ 0.7 ಮಿಲ್ (ಮಿಲ್ ಅಂದ್ರ ಇಂಚಿನ ಸಾವಿರದಾಗ ಒಂದು ಪಾಲು), 78ಕ್ಕ ಬೇಕಾಗಿದ್ದು 3 ಮಿಲ್. ಸಣ್ಣ ಮುಳ್ಳು ಗೀರಿನ ತಳಕ್ಕ ಇಳಿದು ಬರೇ ಗರಗರ ಅಂತೈತಿ.

ಕೌಲ್‌ಬಜಾರ್: ನಾನು ಹೇಳಿದ್ದು ವಿನೈಲ್‌ಗೆ, ಅಂದ್ರೆ ಪ್ಲಾಸ್ಟಿಕ್ ಎಲ್‌ಪಿಗೆ.

ಗಂಗಾವತಿ: ಅವರು ಕೇಳಿದ್ದು 78. ಓದಿ ಬರೀರಿ.

ಮಾನ್ವಿ: ಜಗಳ ಆಮ್ಯಾಲ ಆಡ್ರಿ. ಮನ್ಯಾಗ ಹಿಡಿದ ಟೇಪಿಗೆ ಅಜಿಮತ್ (ಹೆಡ್ಡಿನ ವಾಲು) ಮುಖ್ಯ. ಹಿಡಿದ ಡೆಕ್ಕಿನ ಹೆಡ್ ಎಷ್ಟು ವಾಲಿತ್ತೋ ನಿಮ್ಮದೂ ಅಷ್ಟೇ ವಾಲಬೇಕು. ಹೆಡ್ಡಿನ ಬಾಜೂಕಿನ ಸ್ಕ್ರೂಗೆ ಉಗುರು ಬಣ್ಣದಾಗ ಗುರುತು ಹಾಕಿ, ಮೋನೋದಾಗ ಕೇಳ್ಕೋತ ಕಾಲು ಸುತ್ತಿನೊಳಗ ಹೊರಳಸ್ರಿ. ತಬಲಾದ ಕಿನಾರದ ಪೆಟ್ಟು ಎಲ್ಲಿ ಚೂಪಾಗತದೋ ಅಲ್ಲಿ ಬಿಡ್ರಿ. ಲ್ಯಾಪ್‌ಟಾಪ್ ಚಾರ್ಜರ್ ತಗೀರಿ, ಇಲ್ಲಾಂದ್ರ ಕರೆಂಟಿನ 50 ಹರ್ಟ್ಸ್ ಗುಂಯ್ ಸೇರತದ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಲೆವೆಲ್ ಮೈನಸ್ 6 ಡೆಸಿಬೆಲ್ ದಾಟಬಾರದು. ಹಿಡಿಯೋವಾಗ ಒಂದು ಸಿ-90ಕ್ಕ ಒಂದೂವರಿ ಜಿಬಿ ಬೇಕು. ಆಮ್ಯಾಲ ಉಳಿಸೋದು ಎಂಪಿ3 ಅಲ್ಲ, ದನಿ ಕಳಕೊಳ್ಳದ ಫ್ಲ್ಯಾಕ್ ಫೈಲಿನ್ಯಾಗ. ಕಡೀಕ ನಾಯ್ಸ್ ರಿಮೂವಲ್ ಒತ್ತಿದ್ರ ಮುಗೀತು.

ಸಿಂಧನೂರು: ಮುಗೀತು ಅಂದ್ರ ತಂಬೂರಿ ಮುಗೀತು! ಅದರ ಜವಾರಿ (ತಂತಿಯ ಝೇಂಕಾರ) ಇರೋದೂ ಟೇಪಿನ ಸುಸ್ ಸದ್ದು ಇರೋ ಕಡೇನೇ. ಸುಸ್ ತಗದ್ರ ಗಾಯಕ ನೀರಾಗ ಮುಳುಗಿ ಹಾಡಿದಂಗ ಕೇಳತದ.

ಕೌಲ್‌ಬಜಾರ್: ಸುಸ್ ಬಿಟ್ರೆ ಮನೆಯವರು ಯಾರೂ ಕೇಳಲ್ಲ. 6 ಡೆಸಿಬೆಲ್ ಇಳಿಸಿದ್ರೆ ಏನೂ ಸಾಯಲ್ಲ.

ಸಿಂಧನೂರು: ಇಳಿಸೋರು ನಕಲಿನ್ಯಾಗ ಇಳಸ್ರಿ. ಮೂಲ ಫೈಲ್ ಮುಟ್ಟಬ್ಯಾಡ್ರಿ.

ಮಾನ್ವಿ: ಮಾತು ಬಂತು ಅಂತ ಹೇಳ್ತೀನಿ, ದಾಸರ ಪದಕ್ಕ ಜೋಶಿಯವರ ಕಿರಾಣಾ ಘರಾಣೆಯ ತಾನು (ಸ್ವರಗಳ ವೇಗದ ಓಟ) ಯಾತಕ್ಕರಿ? ಜಗನ್ನಾಥದಾಸರ ಊರಾದ ನಮ್ಮ ಮಾನ್ವ್ಯಾಗ ತಂಬೂರಿ, ಚಿಟಿಕೆ ಹಿಡಿದು ಹಾಡಿದ್ರ ಒಂದೊಂದು ಅಕ್ಷರ ಕೇಳತದ.

ಗಂಗಾವತಿ: ಜೋಶಿಯವರ ಅಕ್ಷರ ಕೇಳಂಗಿಲ್ಲ ಅಂದ್ರ ಕೆಟ್ಟಿದ್ದು ನಿಮ್ಮ ಅಜಿಮತ್ತು.

ಸಿಂಧನೂರು: ರಾಯಚೂರಿನವರೇ, ಇವರೆಲ್ಲ ಮರೆತದ್ದು ಒಂದದ. ಡೆಕ್ಕಿಗೆ ಹಾಕೋಕಿಂತ ಮುಂಚೆ ಕ್ಯಾಸೆಟ್ಟಿನ ಹಿಂದಿನ ಅಂಚಿನ ಎರಡೂ ಸಣ್ಣ ಪ್ಲಾಸ್ಟಿಕ್ ಕಿವಿ ಮುರೀರಿ. ಇಲ್ಲಾಂದ್ರ ತಪ್ಪಿ ರೆಕಾರ್ಡ್ ಒತ್ತಿದ್ರ ಜಂಬಲದಿನ್ನಿಯವರ ಮ್ಯಾಲ ನಿಮ್ಮ ಮನಿ ಮಿಕ್ಸರ್ ಸದ್ದು ಕೂಡತದ.