ಸಹಾಯ ಬೇಕು: ಸಾಂಬ್ರಾದಾಗ ಎಟಿಆರ್ ಪ್ಯಾನಿಂಗ್‌ಗೆ 95 ಎಂಎಂ ಎನ್‌ಡಿ ಫಿಲ್ಟರ್

ಸಾಂಬ್ರಾ ವಿಮಾನ ನಿಲ್ದಾಣದ ಹತ್ರ ಎಟಿಆರ್ (ಪ್ರೊಪೆಲ್ಲರ್ ಇರೋ ಪ್ರಯಾಣಿಕರ ವಿಮಾನ) ಹೋಗೋದರ ಜೋಡಿ ಕ್ಯಾಮೆರಾ ತಿರುಗಿಸ್ತಾ ಫೋಟೋ ಹೊಡೀಬೇಕು, ಅದೇ ಪ್ಯಾನಿಂಗ್. ಬೆಳಗಾವಿಯಾಗ ಯಾರ ಕಡೆನಾದ್ರೂ 95 ಎಂಎಂ ಎನ್‌ಡಿ4 ಫಿಲ್ಟರ್ (ಲೆನ್ಸಿಗೆ ಬರೋ ಬೆಳಕು ಕಾಲು ಭಾಗಕ್ಕ ಇಳಿಸೋ ಕಪ್ಪು ಗಾಜು) ಅದನ್ರಿ? ಒಂದು ಭಾನುವಾರಕ್ಕ ಬಾಡಿಗಿಗೆ ಕೊಟ್ರೂ ನಡೀತದ. ಲೆನ್ಸ್ ಟ್ಯಾಮ್ರಾನ್ 150-600 ಜಿ2.

ಎಟಿಆರ್ 72 ಟೇಕಾಫ್‌ನ್ಯಾಗ ಪ್ರೊಪೆಲ್ಲರ್ ನಿಮಿಷಕ್ಕ 1200 ಸುತ್ತು ತಿರಗ್ತದ. ಶಟರ್ 1/1000 ಸೆಕೆಂಡ್ ಇಟ್ಟು ಹೊಡದ್ರ ಬ್ಲೇಡ್ ಬರೇ 7 ಡಿಗ್ರಿ ಸರೀತದ, ಎಂಜಿನ್ ಬಂದ್ ಆಗಿ ವಿಮಾನ ಗಾಳಿಯಾಗ ನಿಂತಂಗ ಕಾಣ್ತದ. ಬ್ಲೇಡ್ 6, ನಡುವ 60 ಡಿಗ್ರಿ ಅಂತರ. 1/125 ಇಟ್ರ ಹತ್ರಹತ್ರ 58 ಡಿಗ್ರಿ ತಿರುಗಿ ತುಂಬು ಚಕ್ರ ಬರ್ತದ, ಭಾಳ ಚಂದ. ಆದ್ರ ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100 ಇಟ್ರೂ ಲೆನ್ಸಿನ ಕಿಂಡಿ ಎಫ್/14ಕ್ಕ ಸಣ್ಣ ಮಾಡಬೇಕಾಗ್ತದ: ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಾಗ ಬೆಳಕು ಹರಡೋದು) ಶಾರ್ಪ್‌ನೆಸ್ ಹೋಗ್ತದ, ಸೆನ್ಸರ್ ಮ್ಯಾಲಿನ ಧೂಳೆಲ್ಲಾ ಆಕಾಶದಾಗ ಕಪ್ಪು ಚುಕ್ಕಿ. ಎನ್‌ಡಿ4 ಹಾಕಿದ್ರ ಎಫ್/7.1 ಸಾಕು. ವೇರಿಯಬಲ್ ಎನ್‌ಡಿ (ತಿರುಗಿಸಿ ಕಪ್ಪು ಹೆಚ್ಚು-ಕಡಿಮಿ ಮಾಡೋದು) ಬ್ಯಾಡ, 600 ಎಂಎಂನ್ಯಾಗ ಚಿತ್ರ ಮೆತ್ತಗಾಗ್ತದ.

ಇನ್ನೊಂದು. ಟೇಕಾಫ್ ಆಗಿ ಮ್ಯಾಲೇರೋ ವಿಮಾನ ಅಡ್ಡಕ್ಕ ಅಲ್ಲ, ಓರೆಯಾಗಿ ಹೋಗ್ತದ. ವಿಸಿ (ಲೆನ್ಸಿನ ಅಲುಗಾಟ ತಡಿಯೋ ವ್ಯವಸ್ಥಾ) ಪ್ಯಾನಿಂಗ್‌ನ ಮೋಡ್ 2 ಸರಿನೋ, ಪೂರ್ತಿ ಆಫ್ ಮಾಡೋದೋ? ಮಾಡಿ ನೋಡಿದವ್ರು ಹೇಳ್ರಿ.

ರನ್‌ವೇ ದಕ್ಷಿಣಕ್ಕ, ಬಿಸಿಲು ಬೆನ್ನಿಗೆ ಬೀಳೋ ಸಾರ್ವಜನಿಕ ರಸ್ತಿ ಗೊತ್ತಿದ್ರ ತಿಳಸ್ರಿ. ವಾಯುಪಡೆ ಜಾಗ ಫ್ರೇಮಿನ್ಯಾಗ ಬರೋ ಕಡೆ ಮಾತ್ರ ಬ್ಯಾಡ.