ಸಂಪಾಜೆಯ ಗುಡ್ಡದಲ್ಲಿ ನೀರಿಗಾಗಿ ಸುರಂಗ ತೋಡಿಸಬಹುದೇ?

ಪ್ರಶ್ನೆ: ಕೊಡಗು ಸಂಪಾಜೆಯ ಅಡಿಕೆ ಬೆಳೆಗಾರ

ನಮ್ಮ ತೋಟವಿರುವುದು ಕೊಡಗು ಸಂಪಾಜೆಯ ಬಳಿ, ಪಯಸ್ವಿನಿ ನದಿಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ. ಹಿಂದೆ ಕೊರೆಸಿದ ಕೊಳವೆಬಾವಿ ಈಗ ಫೆಬ್ರವರಿ ಮುಗಿಯುವಷ್ಟರಲ್ಲಿ ಬತ್ತುತ್ತದೆ; ಮತ್ತೊಂದನ್ನು ಕೊರೆಸಲು ಮನಸ್ಸಿಲ್ಲ. ಮನೆಯ ಹಿಂದಿನ ಬರೆಯಲ್ಲಿ (ಗುಡ್ಡದ ಕಡಿದಾದ ಮುಖದಲ್ಲಿ), ಕೊಲ್ಲಿಯ, ಅಂದರೆ ಗುಡ್ಡದ ತೊರೆಯ ಬದಿಗೆ, ಏಪ್ರಿಲ್‌ವರೆಗೂ ಒಸರು ಇರುವುದರಿಂದ ಅಲ್ಲಿ ಅಡ್ಡ ಸುರಂಗ ತೋಡಿದರೆ ನೀರು ಖಂಡಿತ ಸಿಗುತ್ತದೆಂದು ಬಂಟ್ವಾಳದ ಕಡೆಯಿಂದ ಬಂದ ಇಬ್ಬರು ಅನುಭವಿ ಕೆಲಸಗಾರರು ಹೇಳಿದ್ದಾರೆ. ಅಗಲ ಎರಡೂವರೆ ಅಡಿ, ಎತ್ತರ ಆರಡಿ, ಉದ್ದ ಅರವತ್ತು ಕೋಲಿನವರೆಗೆ (ಕೋಲೆಂದರೆ ಸುಮಾರು ಎರಡೂವರೆ ಅಡಿ) ಆಗಬಹುದೆಂದು ಅವರ ಅಂದಾಜು. ಕೂಲಿಯನ್ನು ಕೋಲಿನ ಲೆಕ್ಕದಲ್ಲಿ ಕೇಳಿದ್ದಾರೆ.

ಬರೆಯನ್ನು ನೋಡಿದರೆ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಮುರಕಲ್ಲು (ರಂಧ್ರಗಳಿರುವ ಕೆಂಪುಕಲ್ಲು), ಅದಕ್ಕೂ ಕೆಳಗೆ ಉಗುರಿನಲ್ಲಿ ಗೀರಿದರೆ ಉದುರುವ ಬಿಳಿ ಮತ್ತು ನಸುಗೆಂಪು ಬಣ್ಣದ ಶೇಡಿಮಣ್ಣು ಕಾಣುತ್ತದೆ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡ ಜರಿಯಲಿಲ್ಲ, ಆದರೆ ಜೋಡುಪಾಲದಲ್ಲಿ ಆದ ಗುಡ್ಡಕುಸಿತವನ್ನು ಕಂಡವರಿಗೆ ಗುಡ್ಡದ ಹೊಟ್ಟೆಗೆ ಪಿಕಾಸಿ ಹಾಕಿಸಲು ಹೆದರಿಕೆಯಾಗುವುದು ಸಹಜ. ಸುರಂಗ ನಿಲ್ಲುತ್ತದೆಯೇ, ಒಳಗೆ ಕೆಲಸ ಮಾಡುವವರಿಗೆ ಅಪಾಯವೆಷ್ಟು, ಹಾಕಿದ ಹಣಕ್ಕೆ ತಕ್ಕ ನೀರು ಬರುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಚೆಂಬು ಗ್ರಾಮದ ಕೃಷಿಕ

ನಮ್ಮಲ್ಲಿ ಅಜ್ಜನ ಕಾಲದ ಸುರಂಗವೊಂದು ಇಂದಿಗೂ ನೀರು ಕೊಡುತ್ತಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮುರಕಲ್ಲಿನ ನೆಲದಲ್ಲಿ ಈ ಪದ್ಧತಿ ಹಳೆಯದು. ಸರಿಯಾದ ಜಾಗದಲ್ಲಿ ತೋಡಿದ ಸುರಂಗಕ್ಕೆ ಪಂಪೂ ಬೇಡ, ಕರೆಂಟೂ ಬೇಡ. ಒಳಗಿನ ತಳ ಬಾಯಿಯ ಕಡೆಗೆ ತುಸು ಇಳಿಜಾರಾಗಿದ್ದರೆ ನೀರು ತಾನಾಗಿ ಹರಿದು ತೊಟ್ಟಿಗೆ ಬೀಳುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಯಾರೂ ಖಾತರಿ ಕೊಡಲಾರರು. ಬಂಟ್ವಾಳ ತಾಲ್ಲೂಕಿನ ಕೇಪುವಿನಲ್ಲಿ ಬೋಳು ಗುಡ್ಡವನ್ನು ಅಡಿಕೆ ತೋಟವಾಗಿಸಿ 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಕೂಡ ನೀರು ಕಾಣುವ ಮೊದಲು ಹಲವು ಸುರಂಗಗಳನ್ನು ವ್ಯರ್ಥವಾಗಿ ತೋಡಬೇಕಾಯಿತು. ಅವರು ಸುರಿಸಿದ್ದು ಸ್ವಂತ ಬೆವರು. ಕೂಲಿ ಕೊಟ್ಟು ತೋಡಿಸುವ ತಮಗೆ ಒಣಗಿದ ಪ್ರತಿ ಕೋಲೂ ಕೈಯಿಂದ ಹೋಗುವ ಹಣ. ಆದ್ದರಿಂದ ಮೊದಲು ಒಸರಿನ ಬಾಯಿಗೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯೊಂದನ್ನು ನೀರು ಹರಿಯಲು ಕೊಟ್ಟು, ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ಬರೆದಿಡಿ. ಮೇ ತಿಂಗಳಲ್ಲೂ ಒಸರು ನಿಲ್ಲದಿದ್ದರೆ ಮಾತ್ರ ಮುಂದಿನ ಮಾತು.

ಉತ್ತರ 2: ನಿವೃತ್ತ ಗಣಿ ಎಂಜಿನಿಯರ್, ಮಡಿಕೇರಿ

ನನ್ನ ಕೆಲಸದ ಬದುಕು ಕೋಲಾರದ ಚಿನ್ನದ ಗಣಿಗಳಲ್ಲಿ ಕಳೆಯಿತು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದ ಆ ಗಟ್ಟಿ ಕಲ್ಲಿನಲ್ಲಿ ನಮ್ಮನ್ನು ಕಾಡಿದ್ದು ಒತ್ತಡ ತಾಳಲಾರದೆ ಬಂಡೆಯೇ ಸಿಡಿಯುವ ಅಪಾಯ. ಕೊಡಗಿನ ಗುಡ್ಡದಲ್ಲಿ ಆ ಭಯವಿಲ್ಲ; ಇಲ್ಲಿನ ಅಪಾಯವಿರುವುದು ಮೆದು ಮಣ್ಣು ಮತ್ತು ನೀರು ಒಂದಾಗುವ ಕಡೆ. ತಾವು ವರ್ಣಿಸಿದ ಬರೆಯಲ್ಲಿ ಅವೆರಡೂ ಒಂದೇ ಗೆರೆಯಲ್ಲಿ ಸೇರುತ್ತವೆ. ಮುರಕಲ್ಲಿನ ರಂಧ್ರಗಳ ಮೂಲಕ ಇಳಿದ ಮಳೆನೀರು ಶೇಡಿಯ ಮೇಲೆ ತಡೆದು ನಿಲ್ಲುವುದರಿಂದ ತಮ್ಮ ಒಸರು ಬಹುಶಃ ಆ ಸಂಧಿಯಿಂದಲೇ ಬರುತ್ತಿದೆ. ಅಂದರೆ ನೀರಿಗಾಗಿ ತೋಡುವವರು ಎಲ್ಲಕ್ಕಿಂತ ದುರ್ಬಲವಾದ ಪದರವನ್ನೇ ಹುಡುಕಿಕೊಂಡು ಹೋಗುತ್ತಾರೆ. ಸುರಂಗದ ತಳ ಶೇಡಿಗೆ ತಾಗಿದರೆ ತೊಂದರೆಯಿಲ್ಲ, ಆದರೆ ಅದರ ಮಾಡು (ಒಳಗಿನ ಚಾವಣಿ) ಪೂರ್ತಿ ಮುರಕಲ್ಲಿನಲ್ಲಿಯೇ ಇರಬೇಕು, ಮತ್ತು ಆ ಮಾಡು ಚಪ್ಪಟೆಯಾಗಿರದೆ ಕಮಾನಿನ ಆಕಾರದಲ್ಲಿರಬೇಕು. ಮಾಡಿನಲ್ಲಿ ಶೇಡಿ ಕಾಣಿಸಿಕೊಂಡ ದಿನ ಕೆಲಸ ನಿಲ್ಲಬೇಕು.

ಒಂದು ಸರಳ ಪರೀಕ್ಷೆಯನ್ನು ತಾವೇ ಮಾಡಬಹುದು. ಮುರಕಲ್ಲಿನ ಒಂದು ಹೆಂಟೆಯನ್ನೂ ಶೇಡಿಯ ಒಂದು ಹೆಂಟೆಯನ್ನೂ ಬಿಸಿಲಿಗೆ ಒಣಗಿಸಿ, ಬೇರೆ ಬೇರೆ ಗಾಜಿನ ಲೋಟದ ನೀರಿಗೆ ಮೆಲ್ಲಗೆ ಇಳಿಸಿ. ನೀರಿನಲ್ಲಿ ಅಂಚು ಉದುರಿ ಕೆಸರಾಗುವ ಮಣ್ಣಿನಲ್ಲಿ ಆಸರೆಯಿಲ್ಲದ ಸುರಂಗ ಒಂದು ಮಳೆಗಾಲವನ್ನೂ ದಾಟಲಾರದು.

ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 2023ರ ನವೆಂಬರ್ 12ರಂದು 41 ಮಂದಿ ಸಿಕ್ಕಿಹಾಕಿಕೊಂಡದ್ದು ತಮಗೆ ನೆನಪಿರಬಹುದು. ಅಲ್ಲಿ ಕುಸಿದದ್ದು ಅವರು ತೋಡುತ್ತಿದ್ದ ತುದಿಯಲ್ಲ, ಅವರಿಗೂ ಬಾಯಿಗೂ ನಡುವೆ ಎಂದೋ ತೋಡಿ ಮುಗಿಸಿದ್ದ ಭಾಗ. ಹೊರಬರಲು ನವೆಂಬರ್ 28ರವರೆಗೆ ಕಾಯಬೇಕಾಯಿತು. ತಮ್ಮ ಸಣ್ಣ ಸುರಂಗದಲ್ಲೂ ಎಲ್ಲರ ಕಣ್ಣು ತುದಿಯ ಮೇಲಿರುತ್ತದೆ. ಆದರೆ ಬಾಯಿಯ ಬಳಿಯ ಮಣ್ಣು ಬಿಸಿಲು, ಮಳೆ, ಬೇರುಗಳಿಂದ ಸಡಿಲವಾಗಿರುವುದರಿಂದ ಮೊದಲ ಕೆಲವು ಕೋಲುಗಳಿಗೆ ಕಲ್ಲು ಅಥವಾ ಕಾಂಕ್ರೀಟಿನ ಕಮಾನು ಕಟ್ಟದೆ ಒಳಗೆ ಹೋಗಬಾರದು. ತೋಟದ ಸಿಲ್ವರ್ ಓಕ್ ಕಂಬಗಳು ತಾತ್ಕಾಲಿಕ ಆಸರೆಗೆ ಆದಾವು, ಶಾಶ್ವತಕ್ಕಲ್ಲ.

ಗಾಳಿಯ ವಿಷಯವನ್ನು ಒತ್ತಿ ಹೇಳುತ್ತೇನೆ. ಹಳಬರು ದೀಪ ಹಿಡಿದು ಹೋಗುತ್ತಿದ್ದರು, ಅದು ವಿವೇಕದ ಮಾತೇ. ಆದರೆ ದೀಪದ ಜ್ವಾಲೆ ಆರುವುದು ಆಮ್ಲಜನಕ ಶೇಕಡಾ 16-17ಕ್ಕೆ ಇಳಿದಾಗ. ನಮ್ಮ ದೇಶದ ಲೋಹದ ಗಣಿಗಳ 1961ರ ನಿಯಮಾವಳಿ ಶೇಕಡಾ 19ಕ್ಕಿಂತ ಕಡಿಮೆ ಆಮ್ಲಜನಕವಿರುವ, ಶೇಕಡಾ 0.5ಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯಲ್ಲಿ ಕೆಲಸ ಮಾಡಿಸುವುದನ್ನು ಒಪ್ಪುವುದಿಲ್ಲ. ದೀಪ ಎಚ್ಚರಿಸುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ. ಆದ್ದರಿಂದ ಸಣ್ಣ ಬ್ಲೋವರ್ ಮತ್ತು ಪೈಪಿನಿಂದ ತುದಿಯವರೆಗೆ ಗಾಳಿ ಕೊಡಿ, ಬೆಳಿಗ್ಗೆ ಆಳು ಇಳಿಯುವ ಮೊದಲೇ ಅದನ್ನು ಓಡಿಸಿ, ಕೈಯಲ್ಲಿ ಹಿಡಿಯುವ ಅನಿಲಮಾಪಕವನ್ನು ಬಾಡಿಗೆಗಾದರೂ ತನ್ನಿ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನನ್ನು ಒಳಗಾಗಲಿ ಬಾಯಿಯ ಬಳಿಯಾಗಲಿ ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ಹಣದ ಮಾತು, ಏಕೆಂದರೆ ಸುರಕ್ಷತೆ ನಿಲ್ಲುವುದೂ ಬೀಳುವುದೂ ಅಲ್ಲಿಯೇ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ತಾವು ಹೇಳಿದ ಅಳತೆಯಲ್ಲಿ ಒಂದು ಕೋಲಿಗೆ ಒಂದು ಘನಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು ಎರಡು ಟನ್ ಮಣ್ಣನ್ನು ಕಡಿದು, ಬುಟ್ಟಿಯಲ್ಲಿ ಹೊತ್ತು ಹೊರಗೆ ತರಬೇಕು. ಕೋಲಿನ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟರೆ ಕಂಬ ನಿಲ್ಲಿಸಿದ ದಿನ, ಗಾಳಿಗಾಗಿ ಕಾದ ಗಂಟೆ, ಮಾಡು ಸರಿಯಿಲ್ಲವೆಂದು ಹಿಂದೆ ಬಂದ ಮಧ್ಯಾಹ್ನ ಇವೆಲ್ಲ ಕೆಲಸಗಾರನ ಪಾಲಿಗೆ ನಷ್ಟವಾಗುತ್ತವೆ. ಹಾಗಿರುವಾಗ ಆತ ಆಸರೆಯಿಲ್ಲದೆ ಇನ್ನೊಂದು ಕೋಲು ಮುಂದೆ ಹೋದರೆ ಅದನ್ನು ದುಡುಕು ಎನ್ನಲಾಗದು, ನಾವು ಮಾಡಿಕೊಂಡ ಕರಾರು ಅವನನ್ನು ಅಲ್ಲಿಗೆ ತಳ್ಳಿರುತ್ತದೆ. ದೊಡ್ಡ ಸುರಂಗಗಳ ಗುತ್ತಿಗೆಯಲ್ಲಿ ತೋಡುವುದಕ್ಕೂ ಆಸರೆಗೂ ಬೇರೆ ಬೇರೆ ದರ ಬರೆಯುವುದು ಇದೇ ಕಾರಣಕ್ಕೆ. ತಾವೂ ಕೋಲಿಗೊಂದು ದರ, ಆಸರೆ ಕಟ್ಟಿದ ಅಡಿಗೊಂದು ದರ, ಕೆಲಸ ನಿಲ್ಲಿಸಿದ ದಿನಕ್ಕೆ ಪೂರ್ತಿ ದಿನಗೂಲಿ ಎಂದು ಬರೆದುಕೊಡಿ. ಹೀಗೆ ಲೆಕ್ಕ ಹಾಕಿದಾಗ ಸುರಂಗ ದುಬಾರಿ ಎನಿಸಿದರೆ ಅದರ ನಿಜವಾದ ಬೆಲೆ ಅಷ್ಟೇ.

ಉತ್ತರ 3: ಮಕ್ಕಂದೂರಿನ ಕಾಫಿ ಬೆಳೆಗಾರ್ತಿ

ಮೇಲಿನವರು ಹೇಳಿದ ಎರಡು ಟನ್ನನ್ನು ಅರವತ್ತರಿಂದ ಗುಣಿಸಿದರೆ ನೂರಿಪ್ಪತ್ತು ಟನ್ ಮಣ್ಣು. ಅದನ್ನು ಎಲ್ಲಿ ಹಾಕುತ್ತೀರಿ? ಬಾಯಿಯ ಮುಂದೆ ಇಳಿಜಾರಿಗೆ ಸುರಿದರೆ ಮಳೆಗಾಲದಲ್ಲಿ ಅದು ಕೊಲ್ಲಿಗೆ ಇಳಿದು ಕೆಳಗಿನವರ ಗದ್ದೆ ಸೇರುತ್ತದೆ. 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅತಿಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಗುಡ್ಡಕುಸಿತಕ್ಕೆ ಕಾರಣವಾಗಿ ಹೇಳಿದ್ದರು. ನಮ್ಮೂರಿನ ಗುಡ್ಡಗಳನ್ನು ಈಗಲೂ ನೋಡುತ್ತಿರುವ ನನಗೆ ಆ ಮಾತು ಹಗುರವಲ್ಲ. ಸುರಂಗದ ಜಾಗಕ್ಕಿಂತ ಮೇಲಿನ ತೋಟವನ್ನು ಒಮ್ಮೆ ನಡೆದು ನೋಡಿ. ಅಡ್ಡ ಬಿರುಕು, ವಾಲಿದ ಮರ, ಕುಳಿತ ಅಂಚು ಕಂಡರೆ ಯೋಜನೆಯನ್ನೇ ಕೈಬಿಡಿ.

ನೀರನ್ನು ಹೊರಗೆ ಹರಿಯಬಿಡುವ ಸುರಂಗ ಗುಡ್ಡದ ಭಾರವನ್ನು ಇಳಿಸುತ್ತದೆ ಎನ್ನುವುದೂ ನಿಜ. ಆದರೆ ಬಾಯಿ ಕುಸಿದು ಮುಚ್ಚಿಕೊಂಡರೆ ಅದೇ ನೀರು ಒಳಗೆ ಕಟ್ಟಿಕೊಂಡು ಬರೆಯನ್ನು ಹೊರಕ್ಕೆ ತಳ್ಳುತ್ತದೆ. ಮನೆ ಅದರ ಕೆಳಗಿರಬಾರದು.

ಕಾಫಿಗೂ ಈ ನೀರನ್ನು ನೆಚ್ಚುವ ಆಲೋಚನೆ ಇದ್ದರೆ ಒಂದು ಲೆಕ್ಕ ಹೇಳುತ್ತೇನೆ. ನಿಮಿಷಕ್ಕೆ ಹತ್ತು ಲೀಟರ್ ಬಂದರೆ ದಿನಕ್ಕೆ 14,400 ಲೀಟರ್. ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ ಇಪ್ಪತ್ತು ಲೀಟರ್ ಹಿಡಿದರೆ ಏಳುನೂರು ಮರಗಳಿಗೆ ಸಾಕು. ರೋಬಸ್ಟಾ ಕಾಫಿಯ ಹೂ ಅರಳಿಸುವ ಹೂಮಳೆಯ ಬದಲಿಗೆ ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಒಂದು ಲಕ್ಷ ಲೀಟರಿಗೂ ಹೆಚ್ಚು ಬೇಕು, ಆದ್ದರಿಂದ ಸ್ಪ್ರಿಂಕ್ಲರಿಗೆ ಕೆರೆಯೇ ಸರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಲೋಟದ ಪರೀಕ್ಷೆ ಮಾಡಿ ನೋಡಿದೆವು. ಮುರಕಲ್ಲಿನ ಹೆಂಟೆ ರಾತ್ರಿಯೆಲ್ಲ ನೀರಿನಲ್ಲಿದ್ದರೂ ಹಾಗೆಯೇ ಇತ್ತು. ಶೇಡಿ ಕೆಲವೇ ನಿಮಿಷಗಳಲ್ಲಿ ಗುಳ್ಳೆ ಬಿಡುತ್ತಾ ಪುಡಿಯಾಗಿ ತಳಕ್ಕೆ ಕುಳಿತಿತು. ಒಸರಿನ ಬಳಿ ಮುರಕಲ್ಲಿನ ದಪ್ಪ ನಾಲ್ಕಡಿಯಷ್ಟೇ ಇರುವುದರಿಂದ ಆರಡಿ ಎತ್ತರದ ಸುರಂಗದ ಮಾಡು ಅದರೊಳಗೆ ನಿಲ್ಲುವುದಿಲ್ಲ. ಆ ಜಾಗವನ್ನು, ಅದು ಮನೆಯ ಹಿಂದೆಯೇ ಇರುವ ಕಾರಣಕ್ಕೂ, ಬಿಟ್ಟಿದ್ದೇವೆ. ಕೊಲ್ಲಿಯ ಆಚೆ ಬದಿಯಲ್ಲಿ ಮುರಕಲ್ಲು ಆಳೆತ್ತರಕ್ಕೂ ಮೀರಿ ಕಾಣುತ್ತದೆ, ಕೆಳಗೆ ಮನೆಗಳಿಲ್ಲ. ಅಲ್ಲಿನ ಸಣ್ಣ ಒಸರಿಗೆ ದಬ್ಬೆ ಕೊಟ್ಟು ಈ ಬೇಸಿಗೆ ಪೂರ್ತಿ ಅಳೆಯುತ್ತೇವೆ. ಕೆಲಸಗಾರರೊಂದಿಗೆ ಆಸರೆಯ ದರ ಮತ್ತು ನಿಂತ ದಿನದ ಕೂಲಿಯ ಬಗ್ಗೆ ಮಾತನಾಡಿದಾಗ ಅವರಲ್ಲಿ ಹಿರಿಯರು, ಇಷ್ಟು ವರ್ಷಗಳಲ್ಲಿ ಯಾವ ಧಣಿಗಳೂ ಹೀಗೆ ಕೇಳಿರಲಿಲ್ಲ ಎಂದರು. ಬಾಯಿಯ ಕಮಾನಿಗೆ ಕಲ್ಲು ಮತ್ತು ಕಾಂಕ್ರೀಟ್ ಇವೆರಡರಲ್ಲಿ ಯಾವುದು ಒಳಿತು, ಅದರ ದಪ್ಪ ಎಷ್ಟಿರಬೇಕು ಎಂಬುದನ್ನು ಎಂಜಿನಿಯರ್ ಮಹೋದಯರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಗಣಿ ಎಂಜಿನಿಯರ್, ಮಡಿಕೇರಿ

ಬರೆಯನ್ನು ಕಣ್ಣಾರೆ ನೋಡದೆ ದಪ್ಪವನ್ನು ಹೇಳುವುದು ಸರಿಯಲ್ಲ. ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಲ್ಲಿ ಬರುತ್ತೇನೆ. ಅಷ್ಟರೊಳಗೆ ಆ ಜಾಗದ ಮುಖವನ್ನು ನೇರವಾಗಿ ಕೆತ್ತಿಸಿ ಪದರಗಳು ಕಾಣುವಂತೆ ಸ್ವಚ್ಛ ಮಾಡಿಸಿಡಿ, ಮತ್ತು ಅದರ ಮೇಲ್ಭಾಗದಲ್ಲಿ ಮಳೆನೀರು ಬದಿಗೆ ಹರಿಯುವಂತೆ ಒಂದು ಕಣಿ (ಚರಂಡಿ) ತೆಗೆಸಿಡಿ.