ಪ್ರಿವೆಂಟರ್ ಒಂದು ದಿನವೂ ತಪ್ಪಿಸಿಲ್ಲ, ಆದರೂ ರಾತ್ರಿ ಉಬ್ಬಸ. ಯಾಕೆ?

ಇಬ್ಬನಿ:
ತಲೆ ಕೆಟ್ಟುಹೋಗಿದೆ. ಪ್ರಿವೆಂಟರ್ (ಉಬ್ಬಸ ಬಾರದಂತೆ ದಿನಾ ಎಳೆಯುವ ಇನ್ಹೇಲರ್) ಬೆಳಗ್ಗೆ 2 ಪಫ್, ರಾತ್ರಿ 2 ಪಫ್, ತಪ್ಪದೆ ತೆಗೆದುಕೊಳ್ಳುತ್ತೇನೆ. ಆದರೂ ಒಂದು ವಾರದಿಂದ ರಾತ್ರಿ ಮೂರು ಗಂಟೆಗೆ ಎದ್ದು ಕೂರುವ ಹಾಗಾಗಿದೆ. ಎದೆಯಲ್ಲಿ ಸುಂಯ್ ಸುಂಯ್ ಸದ್ದು. ರಿಲೀವರ್ (ಉಬ್ಬಸ ಬಂದಾಗ ತಕ್ಷಣಕ್ಕೆ ಎಳೆಯುವ ಇನ್ಹೇಲರ್) ಎಳೆದರೆ ಐದು ನಿಮಿಷದಲ್ಲಿ ಹಗುರಾಗುತ್ತದೆ. ಈಗ ಹಗಲಲ್ಲೂ ಒಂದೆರಡು ಸಲ ಬೇಕು. ಡಾಕ್ಟರ್ ಭೇಟಿ ಮುಂದಿನ ವಾರ. ಇಷ್ಟು ದಿನ ನಾಟುತ್ತಿದ್ದ ಔಷಧ ಈಗ ಯಾಕೆ ನಾಟುತ್ತಿಲ್ಲ?

ಸ್ಪೇಸರ್ ಬಳಗ:
ಎಳೆಯುವ ಕ್ರಮವೇ ತಪ್ಪಿರಬೇಕು. ಸ್ಪೇಸರ್ (ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕುತ್ತೀರಾ? ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತಿ, ನಿಧಾನಕ್ಕೆ ಎಳೆದು ಹತ್ತು ಸೆಕೆಂಡ್ ಹಿಡಿದಿಡಿ.

ಇಬ್ಬನಿ:
ಸ್ಪೇಸರ್ ಇದೆ. ಎಲ್ಲ ಹಾಗೇ ಮಾಡುತ್ತೇನೆ.

ಸ್ಪೇಸರ್ ಬಳಗ:
ಹಾಗಾದರೆ ಸ್ಪೇಸರ್ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸುತ್ತೀರಿ, ಅಲ್ವಾ? ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತದಲ್ಲ, ಹಾಗೆ ಔಷಧ ಪ್ಲಾಸ್ಟಿಕ್ಕಿಗೇ ಅಂಟುತ್ತದೆ. ಸೋಪುನೀರಲ್ಲಿ ತೊಳೆದು ತಾನಾಗಿ ಒಣಗಲು ಬಿಡಿ.

ಇಬ್ಬನಿ:
ಒರೆಸುವುದಿಲ್ಲ.

ಬೆಳಗಿನ ಓಟ:
ಸ್ಪೇಸರ್ ತಾಪತ್ರಯವೇ ಬೇಡ ಅಂತ ನಾನು ಪುಡಿ ಇನ್ಹೇಲರ್‌ಗೆ ಬಂದೆ. ಜೋರಾಗಿ, ಆಳವಾಗಿ ಎಳೆದರೆ ಆಯ್ತು. ನಾಲ್ಕು ವರ್ಷದಿಂದ ಪೀಕ್ ಫ್ಲೋ (ಜೋರಾಗಿ ಊದಿದಾಗ ಅಳೆಯುವ ಉಸಿರಿನ ವೇಗ) 480ರ ಕೆಳಗೆ ಇಳಿದಿಲ್ಲ. ದಿನಾ ಎರಡು ಹೊತ್ತು ಬರೆದಿಟ್ಟಿದ್ದೇನೆ.

ಸ್ಪೇಸರ್ ಬಳಗ:
ಉಬ್ಬಸ ಜಾಸ್ತಿಯಾದಾಗ ಜೋರಾಗಿ ಎಳೆಯಲು ಎಲ್ಲರಿಗೂ ಆಗುತ್ತಾ? ಎಲ್ಲರಿಗೂ ಒಂದೇ ಸಲಹೆ ಕೊಡಬೇಡಿ.

ಮೂಡಲಗಾಳಿ:
ಇಬ್ಬನಿಯವರೇ, ಆ ಪ್ರಿವೆಂಟರ್ ಶುರು ಮಾಡಿ ಎಷ್ಟು ದಿನವಾಯ್ತು? ಉಳಿದ ಪಫ್ ತೋರಿಸುವ ಕೌಂಟರ್ ಎಷ್ಟು ತೋರಿಸುತ್ತಿದೆ?

ಇಬ್ಬನಿ:
ಕೌಂಟರ್ ಇಲ್ಲದ್ದು. 200 ಪಫ್‌ನದು. ಶುರು ಮಾಡಿ ಎರಡು ತಿಂಗಳ ಮೇಲಾಯ್ತು. ಖಾಲಿಯಾಗಿಲ್ಲ, ಒತ್ತಿದರೆ ಪುಸ್ ಅನ್ನುತ್ತದೆ.

ಮೂಡಲಗಾಳಿ:
ಅಲ್ಲೇ ಇದೆ ನೋಡಿ. ದಿನಕ್ಕೆ 4 ಪಫ್ ಅಂದರೆ 50 ದಿನಕ್ಕೆ 200 ಮುಗಿಯಿತು. ಆಮೇಲೂ ಒಳಗೆ ಗ್ಯಾಸ್ ಉಳಿದಿರುತ್ತದೆ, ಪುಸ್ ಅನ್ನುತ್ತದೆ, ಆದರೆ ಔಷಧ ಸರಿಯಾಗಿ ಬರುತ್ತದೆ ಎಂದು ನಂಬುವ ಹಾಗಿಲ್ಲ. ಪ್ರಿವೆಂಟರ್ ನಿಂತದ್ದು ಮೊದಲ ದಿನವೇ ಗೊತ್ತಾಗುವುದಿಲ್ಲ. ಶ್ವಾಸನಾಳದ ಊತ ಮೆಲ್ಲಗೆ ಮರಳುತ್ತದೆ.

ಬೆಳಗಿನ ಓಟ:
ನೀರಿಗೆ ಹಾಕಿ ನೋಡಿ. ತೇಲಿದರೆ ಖಾಲಿ.

ಮೂಡಲಗಾಳಿ:
ದಯವಿಟ್ಟು ಬೇಡ. ಅದು ನಂಬುವ ಪರೀಕ್ಷೆಯಲ್ಲ, ನೀರು ಹೋಗಿ ಇನ್ಹೇಲರ್ ಬಾಯಿ ಕಟ್ಟಿಕೊಳ್ಳಲೂಬಹುದು.

ಬೆಳಗಿನ ಓಟ:
ನಮ್ಮಪ್ಪ ಹತ್ತು ವರ್ಷ ಹಾಗೇ ನೋಡುತ್ತಿದ್ದರು.

ಮೂಡಲಗಾಳಿ:
ದಿನ ಎಣಿಸುವುದಕ್ಕೆ ನೀರು ಬೇಕಾಗಿಲ್ಲ.

ಇಬ್ಬನಿ:
ನಿನ್ನೆ ಹೊಸದು ತಂದೆ. ಚೀಟಿಯಲ್ಲಿ ಹೇಳಿದಷ್ಟು ಪಫ್ ಗಾಳಿಗೆ ಬಿಟ್ಟು ಶುರು ಮಾಡಿದೆ. ಮುಗಿಯುವ ತಾರೀಖನ್ನು ಮಾರ್ಕರ್‌ನಲ್ಲಿ ಇನ್ಹೇಲರ್ ಮೇಲೇ ಬರೆದಿದ್ದೇನೆ. ಆದರೆ ರಾತ್ರಿ ಮತ್ತೆ ಎದ್ದೆ.

ಮೂಡಲಗಾಳಿ:
ಪ್ರಿವೆಂಟರ್ ಒಂದೇ ರಾತ್ರಿಗೆ ಕೆಲಸ ಮಾಡುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದರೆ ಮುಂದಿನ ವಾರದವರೆಗೆ ಕಾಯಬೇಡಿ. ದಿನಾ ರಾತ್ರಿ ಎಚ್ಚರವಾಗುತ್ತಿದೆ ಎಂದು ಡಾಕ್ಟರ್‌ಗೆ ಇವತ್ತೇ ಫೋನ್ ಮಾಡಿ. ರಿಲೀವರ್ ಎಳೆದು ನಾಲ್ಕು ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ, ಅಥವಾ ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ನೇರ ಆಸ್ಪತ್ರೆಗೆ ಹೋಗಿ.

ಇಬ್ಬನಿ:
ಫೋನ್ ಮಾಡಿದೆ. ಸಂಜೆ ಬರಲು ಹೇಳಿದ್ದಾರೆ. ಹಳೆಯದನ್ನೂ ತೋರಿಸುತ್ತೇನೆ.

ಹೊಸಬೆಳಕು:
ಇಲ್ಲೇ ಕೇಳುತ್ತೇನೆ. ನನಗೆ ಊತ ಇಳಿಸುವ ಬ್ಯುಡೆಸೊನೈಡ್, ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಒಂದೇ ಇನ್ಹೇಲರ್ ಕೊಟ್ಟಿದ್ದಾರೆ. ದಿನಾ ಎರಡು ಹೊತ್ತು, ಉಬ್ಬಸ ಬಂದಾಗಲೂ ಅದೇ. ಕೌಂಟರ್ ಇಲ್ಲ. ದಿನ ಎಣಿಸಿದರೆ ಲೆಕ್ಕ ತಪ್ಪುತ್ತದಲ್ಲ, ಹೀಗಿರುವವರು ಏನು ಮಾಡುತ್ತೀರಿ?